ಕಣ್ಣು ತಪ್ಪಿಸಿ ಹತ್ತಿದ ಬಸ್ಸು

ಹಾಳೆ, ಪೆನ್ನು ಹಿಡಿದು ಯಾರಾದರೂ ಮನೆಗೆ ಬಂದರೆ ಮೊದಲು ಫ್ರಿಜ್ಜಿನ ಮೇಲೆ ಕೌದಿ ಹೊದಿಸುವುದು ಮೊರಬದ ನಮ್ಮ ಓಣಿಯ ಪದ್ಧತಿ. ಹೊಲ ಎಷ್ಟೆಂದು ಕೇಳಿದರೆ ಅರ್ಧ ಹೇಳುತ್ತೇವೆ, ಬೇನೆ ಏನೆಂದು ಕೇಳಿದರೆ ಎರಡು ಪಟ್ಟು ಹೇಳುತ್ತೇವೆ. ಬಂದವರ ಹಿಂದೆ ಯಾವುದಾದರೂ ಸ್ಕೀಮ್ ಇದ್ದೇ ಇರುತ್ತದೆ, ಚೆನ್ನಾಗಿದ್ದೇವೆ ಎಂದವರ ಹೆಸರು ಬಿಟ್ಟುಹೋಗುತ್ತದೆ ಎಂಬುದು ನಮ್ಮ ನಂಬಿಕೆ. ಆದ್ದರಿಂದ ಆ ಹುಡುಗಿ ಅಂಗನವಾಡಿ ಟೀಚರ ಜೊತೆ ನಮ್ಮ ಕಟ್ಟೆ ಹತ್ತಿದಾಗ ನಾನೂ ರೂಢಿಯಂತೆಯೇ ನಡೆದುಕೊಂಡೆ.

ಧಾರವಾಡದಲ್ಲಿ ಓದುತ್ತಿದ್ದ ಹುಡುಗಿ. ತಾಯಿಯಿಂದ ದೂರವಿದ್ದು ಅಜ್ಜಿಯರ ಕೈಯಲ್ಲಿ ಬೆಳೆಯುವ ಮಕ್ಕಳ ಮನಸ್ಸು ಹೇಗಿರುತ್ತದೆ, ಅವು ಯಾರನ್ನು ಹಚ್ಚಿಕೊಂಡಿರುತ್ತವೆ ಎಂದು ಊರೂರು ತಿರುಗಿ ಸಂಶೋಧನೆ ಮಾಡುತ್ತಿದ್ದಳು. ನಮ್ಮ ಮನೆಯಲ್ಲೂ ಅಂಥದೊಂದು ಮಗು ಇತ್ತು. ನನ್ನ ಮಗಳ ಮಗಳು, ಐದು ವರ್ಷದವಳು. ಮಗಳನ್ನು ಕಲಘಟಗಿ ತಾಲೂಕಿನ ತಂಬೂರಿಗೆ ಕೊಟ್ಟಿದ್ದೇನೆ. ಎರಡನೆಯ ಬಸುರಿನಲ್ಲಿ ಹೊಟ್ಟೆಯಲ್ಲಿರುವುದು ಅವಳಿ ಎಂದು ಗೊತ್ತಾದಾಗ, ದೊಡ್ಡವಳನ್ನು ನಾಲ್ಕು ತಿಂಗಳು ನಾನು ನೋಡಿಕೊಳ್ಳುತ್ತೇನೆಂದು ಕರೆತಂದೆ. ನಾಲ್ಕು ತಿಂಗಳು ಹೋಗಿ ಮೂರು ವರ್ಷವಾಯಿತು. ಮೊದಲ ವರ್ಷ ಅವಳಿಗಳು ಬಹಳ ಅಶಕ್ತವಾಗಿದ್ದದ್ದು ನಿಜ. ಆಮೇಲಿನ ಕಾರಣಗಳೆಲ್ಲ ನಾನೇ ಹುಡುಕಿ ತೆಗೆದವು. ಮೊಮ್ಮಗಳು ನನ್ನನ್ನು ಅವ್ವ ಎನ್ನುತ್ತಿದ್ದಳು, ಹೆತ್ತವಳನ್ನು ತಂಬೂರವ್ವ.

ಗಂಡ ತೀರಿದ ಮೇಲೆ ಸೀರೆಯ ಗಂಟು ತಲೆಯ ಮೇಲೆ ಹೊತ್ತು ಹತ್ತು ಊರು ತಿರುಗಿ, ಈಗ ಸ್ವಂತ ಮನೆಯ ಪಡಸಾಲೆಯಲ್ಲಿ ಅಂಗಡಿ ಇಟ್ಟವಳು ನಾನು. ಯಾರ ಮುಂದೆ ಏನು ಹೇಳಬೇಕೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

"ಊಟಾ ಬರೋಬರಿ ಮಾಡ್ತಾಳೇನ್ರಿ?" ಹುಡುಗಿ ಕೇಳಿದಳು.

"ಎಲ್ಲೀ ಊಟಾರಿ. ಅರ್ಧ ರೊಟ್ಟಿ ತಿಂದ್ರ ದೊಡ್ಡ ಮಾತು."

"ನಿದ್ದಿ?"

"ಬೆಚ್ಚಿ ಬೆಚ್ಚಿ ಏಳ್ತಾಳ್ರಿ. ಹಾಸಿಗಿ ತೋಯಿಸ್ತಾಳ."

ಬಾಜು ಮನೆಯವಳು ಬಾಗಿಲಲ್ಲಿ ನಿಂತು, ಯಾರೂ ಕೇಳದಿದ್ದರೂ, "ಹೌದ್ರಿ, ಆಕಿ ಅಳೂದು ನಮ್ಮನಿತನಾ ಕೇಳತೈತಿ" ಎಂದು ಸಾಕ್ಷಿ ಹೇಳಿದಳು. ಹುಡುಗಿ ಹೋದ ಮೇಲೆ ನನ್ನ ಹತ್ತಿರ ಬಂದು, "ಏನರ ಬಂದ್ರ ನಮ್ಮ ಮೊಮ್ಮಗನ ಹೆಸರೂ ಬರಸ ಬೇ" ಎಂದಳು.

ನಾನು ಹೇಳಿದ್ದರಲ್ಲಿ ಒಂದೂ ನಿಜವಲ್ಲ. ಮೊಮ್ಮಗಳು ಒಂದೂವರೆ ರೊಟ್ಟಿ ತಿಂದು, ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿ ಬೆಳಗಿನತನಕ ಮಲಗುವವಳು. ಆದರೆ ಸೀರೆಯ ಅಟ್ಟಿಯ ಹಿಂದೆ ಕುಳಿತು ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಊಟಕ್ಕೆ ಕರೆದರೆ ತಾಟು ಸರಿಸಿದಳು.

"ಯಾಕ ಬೇ?"

"ನಾ ಉಣ್ಣೂದಿಲ್ಲಂತ ನೀನ ಹೇಳಿದಿಯಲ್ಲ."

"ಅದು ಅವರ ಮುಂದ ಹೇಳೂ ಮಾತು."

"ಹಂಗಾರ ನನಗೇನಾಗೈತಿ?"

ನನಗೆ ನಗು ಬಂತು. ರೊಟ್ಟಿಗೆ ಬೆಲ್ಲ, ತುಪ್ಪ ಹಚ್ಚಿ ಸುರುಳಿ ಮಾಡಿ ಕೊಟ್ಟೆ, ತಿಂದಳು. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಐದನೆಯ ದಿನ ಅವಳಿಗಳನ್ನು ಅತ್ತೆಯ ಹತ್ತಿರ ಬಿಟ್ಟು, ಬೆಳಗಿನ ಬಸ್ಸಿಗೆ ತಂಬೂರಿನಿಂದ ಮಗಳು ಬಂದಿಳಿದಳು. ಮಗುವನ್ನು ಡಾಕ್ಟರರಿಗೆ ತೋರಿಸುವುದು ಒಳ್ಳೆಯದು, ಅದಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು ಎಂದು ಆ ಹುಡುಗಿ ಅವಳಿಗೆ ಫೋನು ಮಾಡಿದ್ದಳಂತೆ. ಮಗಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಆಕಿ ಅರಿವಿ ಚೀಲಕ್ಕ ತುಂಬು. ಕರಕೊಂಡ ಹೋಗ್ತೀನಿ."

"ಒಳಗರ ಬಾರವಾ."

"ಬೆಚ್ಚಿ ಏಳ್ತಾಳಂತ, ಉಣ್ಣೂದಿಲ್ಲಂತ. ನನಗ ಮೂರ ವರ್ಷದಿಂದ ಫೋನಿನ್ಯಾಗ ಅಗದಿ ಚಂದ ಅದಾಳ, ಅಗದಿ ಚಂದ ಅದಾಳ ಅಂತ ಹೇಳ್ಕೋತ ಬಂದಿ."

"ಅವರ ಮುಂದ ಸುಳ್ಳ ಹೇಳೇನಿ."

"ಅವರ ಮುಂದ ಹೇಳಿದ್ದ ಸುಳ್ಳೋ, ನನ್ನ ಮುಂದ ಹೇಳಿದ್ದ ಸುಳ್ಳೋ? ನಿನ್ನ ಗಂಟಿನ ಮ್ಯಾಲೆ ಕುಂತ ಬೆಳದಾಕಿ ನಾನು. ನೀ ಮೊದಲ ಹೇಳೂ ರೇಟ್ ನಾ ನಂಬಂಗಿಲ್ಲ."

ಆದರೂ ಬಿಡುವವಳಲ್ಲ ನಾನು. ಅಂಗನವಾಡಿ ಮುಗಿಯುವತನಕ ಇರಲಿ ಎಂದೆ. ಆಗದು ಎಂದಳು. ಹಾಗಾದರೆ ಸಂಕ್ರಾಂತಿತನಕ ಎಂದೆ. ಅವಳು ಗೂಟಕ್ಕೆ ಹಾಕಿದ್ದ ಮಗುವಿನ ಫ್ರಾಕುಗಳನ್ನು ತೆಗೆಯತೊಡಗಿದಳು. ಮೊಮ್ಮಗಳು ಗೋಡೆಗೆ ಬೆನ್ನು ಹಚ್ಚಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಆಗ ಆ ಹುಡುಗಿಯನ್ನು ಕರೆಸೋಣ, ಅವಳೇ ಹೇಳಲಿ ಎಂದೆ. ಮಗಳು ಅದಕ್ಕೆ ಮಾತ್ರ ಒಪ್ಪಿದಳು.

ಮಧ್ಯಾಹ್ನ ಹುಡುಗಿ ಬಂದಳು. ಮೊನ್ನೆ ಹೇಳಿದ್ದೆಲ್ಲ ಸುಳ್ಳೆಂದು ಅವಳಿಗೆ ನೇರವಾಗಿ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. "ನನ್ನ ಹತ್ರ ಸ್ಕೀಮ್ ಇಲ್ರಿ ಅಜ್ಜಿ, ಬರೇ ಪ್ರಶ್ನೆ ಅದಾವ" ಎಂದು ಆ ಹಾಳೆಗೆ ಅಡ್ಡ ಗೆರೆ ಎಳೆದಳು. ಆಮೇಲೆ ಮೊಮ್ಮಗಳ ಎದುರಿಗೆ ನೆಲದ ಮೇಲೆ ಕುಳಿತು, ಮಗು ಅಂಗಡಿಯಾಟಕ್ಕೆಂದು ಮಡಿಸಿಟ್ಟಿದ್ದ ಬಟ್ಟೆಯ ತುಂಡುಗಳಲ್ಲಿ ಒಂದನ್ನು ಗೊಂಬೆಗೆ ಸೀರೆಯೆಂದು ಆರಿಸಿಕೊಂಡಳು. ಬಹಳ ಹೊತ್ತು ಅದೂ ಇದೂ ಮಾತಾಡಿ ಕೇಳಿದಳು:

"ಹೆದರಿಕಿ ಆದ್ರ ಯಾರ ಕಡೆ ಓಡ್ತಿ ನೀನು?"

ಮೊಮ್ಮಗಳು ನನ್ನ ಮುಖ ನೋಡಿದಳು. ಅದು ನಾನೇ ಕಲಿಸಿದ್ದು. ಬಣ್ಣ ಬಿಡತೈತೇನು ಎಂದು ಗಿರಾಕಿ ಕೇಳಿದರೆ ಅವಳು ನನ್ನ ಹುಬ್ಬು ನೋಡಿ ಉತ್ತರ ಕೊಡುತ್ತಿದ್ದಳು. ಆಗಲೂ ಒಂದು ಹುಬ್ಬು ಎತ್ತಿದ್ದರೆ ಸಾಕಿತ್ತು, ನನಗೆ ಬೇಕಾದ ಮಾತು ಹೇಳುತ್ತಿದ್ದಳು. ಎತ್ತಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಕಿಟಕಿಯ ಹೊರಗೆ ನಿಂತೆ. ನನ್ನ ವ್ಯಾಪಾರದಲ್ಲಿ ಗಿರಾಕಿಯ ಮುಂದಿನಿಂದ ಎದ್ದುಹೋದದ್ದು ಅದೊಂದೇ ಸಲ.

"ಗುಡುಗಿದ್ರ ಅವ್ವನ ಕಡೆ" ಎಂಬ ಮಾತು ಕೇಳಿಸಿತು.

"ತಂಬೂರವ್ವ ಬಂದಾಗ ಏನ್ ಮಾಡ್ತಿ?"

"ಆಕಿ ಚೀಲಾ ನೋಡ್ತೀನಿ."

"ಯಾಕ?"

"ಎಷ್ಟ ಸೀರಿ ತಂದಾಳಂತ. ಒಂದ ಇದ್ರ ನಾಳೆ ಹೋಗ್ತಾಳ, ಎರಡಿದ್ರ ನಾಡದ. ಪೆಪ್ಪರಮೆಂಟ ಕೊಡಸ್ತೀನಿ ಬಾ ಅಂತಾಳ ಅವ್ವ. ತಿರಗಿ ಬಂದ್ರ ಮನ್ಯಾಗ ಯಾರೂ ಇರೂದಿಲ್ಲ."

ಆ ಪೆಪ್ಪರಮೆಂಟಿನ ಉಪಾಯ ನನ್ನದು. ಮಗಳು ಊರಿಗೆ ಹೊರಟಾಗಲೆಲ್ಲ ನಾನು ಮಗುವನ್ನು ಕಿರಾಣಿ ಅಂಗಡಿಗೆ ಕರೆದೊಯ್ಯುತ್ತಿದ್ದೆ. ಅಷ್ಟರಲ್ಲಿ ಅವಳು ಬಸ್ಸು ಹತ್ತುತ್ತಿದ್ದಳು. ಮಗು ಅಳುತ್ತಿರಲಿಲ್ಲ. ನಮ್ಮದು ಎಷ್ಟು ಶಾಣ್ಯಾ ಕೂಸು ನೋಡು ಎಂದು ಓಣಿಯ ಹೆಂಗಸರಿಗೂ ಇದೇ ಉಪಾಯ ಹೇಳಿಕೊಟ್ಟಿದ್ದೆ. ಸೀರೆ ಮುಟ್ಟಿದವರ ಕೈ ನೋಡಿ ಕೊಳ್ಳುತ್ತಾರೋ ಇಲ್ಲವೋ ಹೇಳಬಲ್ಲ ನನಗೆ, ನನ್ನ ಬಗಲಲ್ಲೇ ಮಲಗುವ ಮಗು ಮೂರು ವರ್ಷ ಒಂದು ಚೀಲವನ್ನು ಕಾಯುತ್ತಿದ್ದದ್ದು ಕಾಣಲಿಲ್ಲ.

ಒಳಗೆ ಬಂದಾಗ ಮಗಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಅಳೂದಿಲ್ಲ ಅಂದ್ರ ಮರತಾಳಂತ ಅಲ್ರಿ" ಎಂದಳು ಹುಡುಗಿ. "ಹೋಗೂಮುಂದ ಹೇಳಿ ಹೋಗ್ರಿ. ಯಾವತ್ತ ಬರ್ತೀನಂತನೂ ಹೇಳ್ರಿ. ಹೇಳಿದ ದಿನಾ ಬರ್ರಿ."

"ಆಕಿ ಅತ್ತರ?" ಮಗಳು ಕೇಳಿದಳು.

"ಅಳಲಿ. ಎತಗೊಂಡ ನಿಂದರ್ರಿ. ಇಬ್ಬರನ್ನೂ ಹಚಗೊಂಡಾಳ ಆಕಿ. ಇವತ್ತಿಂದಿವತ್ತ ಕಿತಗೊಂಡ ಹೋದ್ರ ಈ ಅಜ್ಜಿನೂ ಕಣ್ಣ ತಪ್ಪಿಸಿ ಹೋದಂಗ ಆಕ್ಕೈತಿ."

ಮಗಳು ಫ್ರಾಕುಗಳನ್ನು ತಿರುಗಿ ಗೂಟಕ್ಕೆ ಹಾಕಿದಳು. ನಮ್ಮಿಬ್ಬರ ನಡುವೆ ಒಪ್ಪಂದವಾಯಿತು: ಜೂನಿನಲ್ಲಿ ಮೊಮ್ಮಗಳು ತಂಬೂರಿನ ಶಾಲೆಗೆ ಹೋಗುವುದು, ಅಲ್ಲಿಯತನಕ ಮಗಳು ಅವಳಿಗಳೊಂದಿಗೆ ಪ್ರತಿ ಶನಿವಾರ ಬರುವುದು, ಶಾಲೆಯ ಮೊದಲ ಒಂದು ತಿಂಗಳು ನಾನು ಅಂಗಡಿ ಮುಚ್ಚಿ ತಂಬೂರಿನಲ್ಲಿ ಇರುವುದು. ನಾನು ಚೌಕಾಶಿ ಮಾಡಲಿಲ್ಲ. ಒಂದು ತಿಂಗಳನ್ನು ಒಂದೂವರೆ ಮಾಡಿಸಿಕೊಂಡೆ, ಅಷ್ಟೇ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಮಗಳು ಕುಕ್ಕರಗಾಲಿನಲ್ಲಿ ಕುಳಿತು, "ನಾ ಈಗ ಊರಿಗೆ ಹೋಗ್ತೀನಿ. ಶನಿವಾರ ಬರ್ತೀನಿ" ಎಂದಳು. ಮೊಮ್ಮಗಳು ಅವಳ ಸೆರಗು ಹಿಡಿದು ಅತ್ತ ಅಳುವಿಗೆ ಟ್ರ್ಯಾಕ್ಟರಿನವನೊಬ್ಬ ಗಾಡಿ ನಿಲ್ಲಿಸಿ ನೋಡಿದ.

"ಬಿಸ್ಕೀಟ ಕೊಡಸಬೇ ಯಮ್ಮಾ, ಸುಮ್ಮ ಆಗತೈತಿ" ಎಂದ ಕಂಡಕ್ಟರ್.

"ಬ್ಯಾಡಪಾ, ಅಳಲಿ. ನೀ ಸೀಟಿ ಹೊಡಿ" ಎಂದೆ. ಮನೆ ಮುಟ್ಟುವತನಕ ಅತ್ತಳು. ನನ್ನ ಭುಜ ತೊಯ್ದುಹೋಯಿತು.

ಓದುವವರಲ್ಲಿ ಮಕ್ಕಳನ್ನು ಬಿಟ್ಟು ಕೆಲಸಕ್ಕೋ ಊರಿಗೋ ಹೋಗುವವರಿದ್ದರೆ ಕೇಳಿ: ಹೇಳಿ ಹೋಗಿರಿ. ಆ ಹೊತ್ತಿನ ಅಳು ತುಟ್ಟಿ ಎನ್ನಿಸುತ್ತದೆ. ಅಳದೆ ಇರಿಸಿದ್ದು ಎಷ್ಟು ತುಟ್ಟಿ ಬಿತ್ತೆಂದು ನಾನು ನೋಡಿದ್ದೇನೆ.

ಶನಿವಾರ ಬಸ್ಸು ತಡವಾಯಿತು. ಮೊದಲೆಲ್ಲ ತಾಯಿ ಬಂದರೆ ಮೊಮ್ಮಗಳು ಬೀಗರಿಗೆ ಕೊಟ್ಟಂತೆ ತಂಬಿಗೆಯಲ್ಲಿ ನೀರು ತಂದಿಟ್ಟು ದೂರ ನಿಲ್ಲುತ್ತಿದ್ದಳು. ಅಂದು ಓಡಿಹೋಗಿ ತಾಯಿಯ ತೊಡೆಗೆ ಎರಡೂ ಕೈಯಿಂದ ಹೊಡೆದಳು. "ಯಾಕ ತಡಾ ಮಾಡಿದಿ? ಎಷ್ಟೊತ್ತಿಂದ ನಿಂತೀನಿ."

ಅಲ್ಲಿಯತನಕ ಅವಳು ಹಾಗೆ ಸಿಟ್ಟು ಮಾಡುತ್ತಿದ್ದದ್ದು ನನ್ನೊಬ್ಬಳ ಮೇಲೆ. ಎದೆಯಲ್ಲಿ ಸಣ್ಣಗೆ ಚುರ್ರೆಂದಿತು, ಸುಳ್ಳೇಕೆ ಹೇಳಲಿ. ಮಗಳು ಏನು ಮಾಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದಳು.

"ನನ್ನೇನ ನೋಡ್ತಿ? ಕೇಳಿದಾಕಿಗೆ ಉತ್ತರಾ ಕೊಡು" ಎಂದು, ಅವಳ ಬಗಲಲ್ಲಿದ್ದ ಅವಳಿಗಳಲ್ಲಿ ಒಂದನ್ನು ನಾನು ಎತ್ತಿಕೊಂಡೆ.