ಅತ್ತೆಗೊಂದು ಕಬ್ಬಿಣದ ಬೇಲಿ

ನಮ್ಮತ್ತೆ ಗಾರೆ ಕೆಲಸದವರು. ಮದುವೆಯಾಗಿ ಬಂದ ಮೇಲೂ ಗಾರೆ ಹೊತ್ತರು, ಮಗನನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಹೊತ್ತರು. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ, ಅದರ ಮೇಲೆ ಬಾಂಡ್ಲಿ. ಮನೆ ಕಟ್ಟುವಾಗ ಸುತ್ತ ಮರದ ಅಡ್ಡೆ ಕಟ್ಟಿ ಸಾರವೆ ಹಾಕುತ್ತಾರಲ್ಲ, ಅದನ್ನು ಅವರು ಕೈಯಲ್ಲಿ ಹಿಡಿಯದೆ ಹತ್ತುತ್ತಿದ್ದರಂತೆ. ಜೊತೆಯ ಆಳುಗಳು ಅಳಿಲು ಎಂದೇ ಕರೆಯುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅಡುಗೆ ಕೆಟ್ಟರೆ ಬೈಯುತ್ತಿರಲಿಲ್ಲ. "ಏ ಹುಡುಗಿ, ಇದಕ್ಕಿಂತ ನನ್ನ ಗಾರೆ ರುಚಿಯಾಗಿತ್ತು" ಎನ್ನುತ್ತಿದ್ದರು. ಎನ್ನುತ್ತಲೇ ತಟ್ಟೆ ಖಾಲಿ ಮಾಡುತ್ತಿದ್ದರು.

ನನ್ನ ಗಂಡ ಅವರಿಗೆ ಒಬ್ಬನೇ ಮಗ. ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಿದ್ದರು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ನೀರು ಕೇಳಿದರು. ನಾನು ನೀರು ತರುವಷ್ಟರಲ್ಲಿ ಇರಲಿಲ್ಲ.

ಅತ್ತೆಗೆ ಆಗಲೇ ಮರೆವು ಹಿಡಿದಿತ್ತು. ಮಗನ ಹೆಣ ನೋಡಿದರು, ಎದೆ ಬಡಿದುಕೊಂಡು ಅತ್ತರು. ಮರುದಿನ ಎದ್ದವರೇ, "ಅವನು ಎದ್ನಾ?" ಎಂದು ಕೇಳಿದರು. ಸತ್ತುಹೋದರಲ್ಲ ಅತ್ತೆ ಎಂದೆ. ಆಗತಾನೇ ಸುದ್ದಿ ಕೇಳಿದವರ ಹಾಗೆ ನೆಲಕ್ಕೆ ಬಿದ್ದು ಹೊರಳಾಡಿದರು. ಮಧ್ಯಾಹ್ನ ಮತ್ತೆ ಕೇಳಿದರು. ಮತ್ತೆ ಹೇಳಿದೆ. ಮತ್ತೆ ಬಿದ್ದರು. ಎಷ್ಟು ಸಲ ಅಂತ ಕೊಲ್ಲುವುದು? ಬಾಡಿಗೆಗೆ ಹೋಗಿದ್ದಾರೆ, ಬರುತ್ತಾರೆ ಎಂದುಬಿಟ್ಟೆ. ಅವತ್ತಿನಿಂದ ಕಾಯಲು ಶುರುಮಾಡಿದರು.

ಕಾಯುತ್ತಿದ್ದದ್ದು ರಸ್ತೆಯ ನಡುವೆ. ರಸ್ತೆ ಅಗಲ ಮಾಡುವವರು ನಮ್ಮ ಕಾಂಪೌಂಡ್ ಗೋಡೆ ಕೆಡವಿ ಹೋಗಿದ್ದರು. ಅಂಗಳ ಮುಗಿದಲ್ಲಿ ರಸ್ತೆ, ರಸ್ತೆಯಲ್ಲಿ ಜಲ್ಲಿ ಲಾರಿ. ಯಾವ ಗೂಡ್ಸ್ ಗಾಡಿ ಬಂದರೂ ಅತ್ತೆ ನಡುವೆ ಹೋಗಿ ಕೈ ಎತ್ತಿ ನಿಲ್ಲುತ್ತಿದ್ದರು.

"ಏ ಅಜ್ಜಿ, ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ?" ಎಂದು ಒಬ್ಬ ಕೂಗಿದ.

"ಇಳಿಯೋ ಕೆಳಗೆ. ಊಟ ಆರಿಹೋಯ್ತು" ಎಂದು ಅತ್ತೆ ಅವನನ್ನೇ ಗದರಿದರು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಿಷನ್ ತುಳಿಯುವಾಗ ಹಿಂದೆ ಯಾರು ಎದ್ದು ಹೋದರೂ ಕೇಳಿಸುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ನೋಡಿದೆ. ಬಾಗಿಲಿಗೆ ಹಣೆ ಚಚ್ಚಿಕೊಂಡು ರಕ್ತ ಬರಿಸಿಕೊಂಡರು. ಬಯಲಲ್ಲಿ ಬದುಕಿದ ಜೀವ, ನಾಲ್ಕು ಗೋಡೆಯೊಳಗೆ ನಿಲ್ಲಲಿಲ್ಲ. ಎದುರಿನ ಅಂಗಡಿ ಅಕ್ಕ ದಿನಾ ಕೈ ಹಿಡಿದು ಎಳೆದು ತಂದು ಬಿಡುತ್ತಿದ್ದಳು.

"ಇವತ್ತು ನಾನು ನೋಡ್ದೆ ಕಣೆ. ನಾಳೆ ನಾನು ಯಾರಿಗೋ ಸಕ್ಕರೆ ಕಟ್ತಾ ಇದ್ರೆ? ಏನಾದ್ರೂ ಮಾಡು."

ಏನು ಮಾಡುವುದು? ಅಂಗಳಕ್ಕೆ ಬೇಲಿ ಆಗಬೇಕು. ಬೇಗ ಆಗಬೇಕು. ಗಂಡ ಹೋದ ಮೇಲೆ ನನಗೆ ಈ ಒಂದು ಜೀವ ಉಳಿದಿದೆ. ಇದೂ ಚಕ್ರದಡಿ ಹೋದರೆ ನಾನು ಯಾರಿಗೆ ಅಡುಗೆ ಮಾಡಲಿ?

ದೊಡ್ಡ ಗ್ರಿಲ್ ಅಂಗಡಿಯವರಿಗೆ ಫೋನ್ ಮಾಡಿದೆ. "ಚಿಕ್ಕ ಕೆಲಸ ಅಮ್ಮಾ. ಆ ಕಡೆ ದೊಡ್ಡ ಕೆಲಸ ಸಿಕ್ಕಿದಾಗ ಜೊತೇಲಿ ಮಾಡ್ಕೊಡ್ತೀವಿ" ಎಂದರು. ಇನ್ನೊಬ್ಬ ಬಂದ, ಟೇಪು ಹಿಡಿದು ಅಳೆದ, ಮೊಬೈಲಿನಲ್ಲಿ ಹೂಬಳ್ಳಿ, ನವಿಲು, ಈಟಿ ಮೊನೆ ಎಲ್ಲ ತೋರಿಸಿದ. ನಾಳೆ ಬರ್ತೀನಿ ಎಂದ. ಅವನ ನಾಳೆಗೆ ಗಡ್ಡ ಬಂತು, ಅವನು ಬರಲಿಲ್ಲ.

ಕೊನೆಗೆ ಬೀದಿ ತುದಿಯ ತಗಡಿನ ಶೆಡ್ಡಿನಲ್ಲಿ ಒಬ್ಬನೇ ಕೆಲಸ ಮಾಡುವ ವೆಲ್ಡರ್ ಬಳಿ ಹೋದೆ. ಕಪ್ಪು ಕನ್ನಡಕ ಯಾವಾಗಲೂ ಹಣೆಯ ಮೇಲೆ ಕೂತಿರುತ್ತದೆ, ಹಾಗಾಗಿ ಎಲ್ಲರೂ ಕನ್ನಡಕ ಎಂದೇ ಕರೆಯುತ್ತಾರೆ.

"ಕಳ್ಳರ ಕಾಟವಾ ಅಕ್ಕಾ?" ಎಂದ.

"ಕಳ್ಳರು ಬಂದ್ರೆ ಬರ್ಲಿ. ಒಳಗಿರೋರು ಹೊರಗೆ ಹೋಗ್ಬಾರ್ದು."

ಬಂದು ಅಂಗಳ ನೋಡಿದ, ಅತ್ತೆಯನ್ನೂ ನೋಡಿದ. "ಅಡ್ಡಕಂಬಿ ಹಾಕ್ತೀನಿ. ಈಗ ಎಲ್ಲಾ ಮನೆಗೂ ಅದೇ. ನೋಡೋಕೂ ಲಕ್ಷಣ, ಕೆಲಸಾನೂ ಬೇಗ ಆಗುತ್ತೆ."

ಬೇಗ ಎಂದದ್ದೊಂದೇ ನನ್ನ ಕಿವಿಗೆ ಬಿತ್ತು. "ಎದೆಮಟ್ಟ ಸಾಕಾ ಅಣ್ಣಾ?"

"ಈ ವಯಸ್ಸಲ್ಲಿ ಅಜ್ಜಿ ಹೈಜಂಪ್ ಮಾಡ್ತಾರಾ?" ಎಂದ. ನಾನು ನಕ್ಕೆ. ಗಂಡ ಹೋದ ಮೇಲೆ ಅದೇ ಮೊದಲು ನಕ್ಕದ್ದು.

ಹೇಳಿದ ಹಾಗೆ ಬೇಗನೆ ಮಾಡಿಕೊಟ್ಟ. ಕಂಬ ನೆಟ್ಟು ಬುಡಕ್ಕೆ ಕಾಂಕ್ರೀಟ್ ಹಾಕುವಾಗ ಅತ್ತೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ನೀರು ಕಡಿಮೆ ಮಾಡೋ, ನಿಮ್ಮಪ್ಪನ ಮನೆ ಬಾವೀನಾ?" ಎಂದು ಬೈಯುತ್ತಿದ್ದರು. ಗೇಟಿಗೆ ಬೀಗ ಬಂತು. ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಅಂದು ಸತ್ತವಳ ಹಾಗೆ ನಿದ್ದೆ ಮಾಡಿದೆ.

ಮರುದಿನ ಮಿಷನ್ ತುಳಿಯುತ್ತಿದ್ದೆ. ಅಂಗಡಿ ಅಕ್ಕನ ಕಿರುಚಾಟ ಮಿಷನ್ನಿನ ಸದ್ದನ್ನೂ ಮೀರಿ ಬಂತು. ಓಡಿದೆ.

ಅತ್ತೆ ಬೇಲಿಯ ಮೇಲಿದ್ದರು. ನನ್ನ ಟವೆಲ್ಲನ್ನೇ ಸಿಂಬೆ ಮಾಡಿ ತಲೆಗಿಟ್ಟು, ಬಟ್ಟೆ ನೆನೆಸುವ ಬಾಂಡ್ಲಿ ಹೊತ್ತಿದ್ದರು. ಒಂದು ಪಾದ ಮೇಲಿನ ಕಂಬಿಯಲ್ಲಿ, ಇನ್ನೊಂದು ಅದರ ಕೆಳಗಿನದರಲ್ಲಿ. ಕೈಯಲ್ಲಿ ಏನನ್ನೂ ಹಿಡಿದಿರಲಿಲ್ಲ. ಕಾಲ್ಬೆರಳುಗಳು ಕಂಬಿಯನ್ನು ಕಚ್ಚಿಕೊಂಡಿದ್ದವು. ಮನೆಯಲ್ಲಿ ಹೊಸ್ತಿಲು ದಾಟಲು ತಡವರಿಸುವ ಪಾದಗಳವು.

ನಾನು ಹಾಕಿಸಿದ್ದು ಬೇಲಿಯಲ್ಲ, ಸಾರವೆ.

ಆಚೆ ರಸ್ತೆಯಲ್ಲಿ ಲಾರಿಗಳು ಓಡುತ್ತಿದ್ದವು. ಹೋಗಿ ಹಿಡಿದರೆ ಬೆಚ್ಚಿ ಆಚೆಗೇ ಬೀಳುತ್ತಾರೆ. "ಅತ್ತೆ, ಇಳೀರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ. ತಿರುಗಿ ನೋಡಲಿಲ್ಲ. ಕೆಲಸದ ಮೇಲಿರುವವರು ಸೊಸೆಯ ಮಾತು ಕೇಳುತ್ತಾರೆಯೇ? ಅವರ ಬಾಯಲ್ಲೇ ನೂರು ಸಲ ಕೇಳಿದ್ದ ಮೇಸ್ತ್ರಿಯ ಕೂಗು ನೆನಪಾಯಿತು. ದನಿ ದಪ್ಪ ಮಾಡಿ ಕೂಗಿದೆ.

"ಸಾಕ್ರೋ! ಕೆಲಸ ಬಿಡ್ರೋ! ಕೈ ತೊಳ್ಕೊಳ್ರೋ!"

ಅತ್ತೆ ನಿಂತರು. "ಇನ್ನೂ ಹೊತ್ತಿದೆಯಲ್ಲ ಮೇಸ್ತ್ರಿ?"

"ಇವತ್ತು ಬೇಗ ಬಿಡ್ತೀನಿ. ಬಾಂಡ್ಲಿ ತೊಳೆದಿಟ್ಟು ಮನೆಗೆ ಹೋಗು."

ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಕಂಬಿ ಇಳಿದು ಈಚೆ ಬಂದರು. ನಾನು ಅವರ ಎರಡೂ ಕಾಲು ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟೆ.

"ಏನಾಯ್ತೇ ಹುಡುಗಿ? ಯಾರು ಬೈದ್ರು ನಿನ್ನ?" ಎಂದು ತಲೆ ಸವರಿದರು.

ಕನ್ನಡಕನನ್ನು ಕರೆಸಿದೆ. ಕೇಳಿದವನೇ ತಲೆಯ ಮೇಲೆ ಕೈಹೊತ್ತು ನಿಂತ. "ಏಣಿ ಮಾಡಿಕೊಟ್ಟಂಗಾಯ್ತಲ್ಲಕ್ಕಾ. ಕಂಬಿಯೆಲ್ಲ ಕತ್ತರಿಸಿ ನೆಟ್ಟಗೆ ನಿಲ್ಲಿಸ್ತೀನಿ. ತಲೆಗಿಂತ ಮೇಲೆ ಹೋಗ್ಲಿ. ಕಾಲಿಡೋಕೆ ಏನೂ ಸಿಗಬಾರದು. ಆದ್ರೆ ಒಂದು ಕಡೆ ಗೇಟ್ ಒಪ್ಪಿಕೊಂಡಿದೀನಿ, ಅದು ಮುಗಿಸಿ..."

"ಇವತ್ತೇ ಮಾಡು. ಆಗ್ದಿದ್ರೆ ಬರಲೇಬೇಡ. ನಾಳೆ ನಂಗೆ ಬೇಲಿ ಬೇಕಾಗಿರಲ್ಲ."

ನನ್ನ ಮುಖ ನೋಡಿದ. ಶೆಡ್ಡಿಗೆ ಹೋಗಿ ಕಟ್ಟಿಂಗ್ ಮಿಷನ್ ತಂದ.

ಕಿಡಿ ಹಾರುತ್ತಿತ್ತು. ಅಡ್ಡಕಂಬಿಗಳು ಒಂದೊಂದಾಗಿ ಕಳಚಿ ನೆಲಕ್ಕೆ ಬಿದ್ದವು. ಅತ್ತೆ ಜಗಲಿಯಲ್ಲಿ ಕೂತು ನೋಡುತ್ತಿದ್ದರು.

"ಸಾರವೆ ಬಿಚ್ತಿದಾರಾ?"

"ಹೂಂ ಅತ್ತೆ."

"ಹಂಗಾದ್ರೆ ಮನೆ ಮುಗೀತು." ಎದ್ದು ಹೋಗಿ ಬಾಂಡ್ಲಿ ತೊಳೆದು ಗೋಡೆಗೆ ಬೋರಲು ಹಾಕಿದರು. ಸಿಂಬೆ ಬಿಚ್ಚಿ ಟವೆಲ್ ಕೊಡವಿ ನನ್ನ ಕೈಗೆ ಕೊಟ್ಟರು. ಸಾರವೆ ಬಿಚ್ಚಿದ ಮೇಲೆ ಆಳಿಗೆ ಹತ್ತುವ ಕೆಲಸವಿಲ್ಲ. ಆಮೇಲೆ ನನ್ನ ಕೊರಳಿನ ದಾರ ಹಿಡಿದು ನೋಡಿದರು. "ಬೀಗದ ಕೈ ನಿನ್ ಹತ್ರಾನೇ ಇದೆಯಲ್ಲ. ಅವನು ಬಂದ್ರೆ ಕೊಡು. ಎಷ್ಟು ದಿನದಿಂದ ಹೊಸ ಮನೆ ಹೊಸ ಮನೆ ಅಂತಿದ್ದ."

"ಕೊಡ್ತೀನಿ" ಎಂದೆ.

ಈಗ ಕಂಬಿಗಳು ನೆಟ್ಟಗೆ ನಿಂತಿವೆ. ಅತ್ತೆ ಹತ್ತುವುದಿಲ್ಲ. ಬೆಳಿಗ್ಗೆ ಮುಖ ತೊಳೆದು ಗೇಟಿನ ಬಳಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಗೂಡ್ಸ್ ಗಾಡಿ ಬಂದರೆ ಕಂಬಿಗಳ ನಡುವೆ ಕೈ ತೂರಿಸಿ ಅಡ್ಡ ಹಿಡಿಯುತ್ತಾರೆ. ಕೆಲವರು ಹಾರ್ನ್ ಮಾಡಿ ಹೋಗುತ್ತಾರೆ. ಸಂಜೆ ಆ ಕೈಯ ಧೂಳು ತೊಳೆದು ಒಳಗೆ ಕರೆದುಕೊಂಡು ಬರುತ್ತೇನೆ. ಕೈ ರಸ್ತೆಯ ಕಡೆ ಹೋದರೂ ಮೈ ಈಚೆ ಇರುತ್ತದೆ. ನನ್ನಿಂದ ಆದದ್ದು ಅಷ್ಟು.

ಗಾಡಿಯ ಸದ್ದು ಕೇಳಿದರೆ ಮಿಷನ್ ನಿಲ್ಲಿಸಿ ನಾನೂ ತಲೆ ಎತ್ತುತ್ತೇನೆ. ಅವರು ಬರುವುದಿಲ್ಲ ಎಂದು ಈ ಮನೆಯಲ್ಲಿ ಗೊತ್ತಿರುವವಳು ನಾನೊಬ್ಬಳೇ.