ಕಣ್ಣಿಲ್ಲದ ಫ್ರೆಂಚ್ ಹಕ್ಕಿ

ಫ್ರಾನ್ಸಿನ ಹಳೆಯ ಬರೆಯುವ ಮೇಜೊಂದು ನನಗೆ ಸವತಿಯಾಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮೆಜಮಾನರು ಶ್ರೀಕಂಠಯ್ಯ, ಮೈಸೂರಿನಲ್ಲಿ ಬೀಟೆ ಮರಕ್ಕೆ ಚಿತ್ರ ಕೂರಿಸುವ ಮನೆತನದವರು. ನನ್ನ ನರ್ಸ್ ಕೆಲಸದ ಬೆನ್ನಿಗೆ ಮೆಲ್ಬರ್ನಿಗೆ ಬಂದು, ಊರಂಚಿನ ಕ್ರಾನ್‌ಬರ್ನಿನ ಸೂಪರ್‌ಮಾರ್ಕೆಟಿನಲ್ಲಿ ಹಾಲಿನ ಡಬ್ಬ ಜೋಡಿಸುತ್ತ ಮಂಕಾಗಿದ್ದರು. ಕಡೆಗೆ ಹಳೆಯ ಮೇಜು ಕುರ್ಚಿ ರಿಪೇರಿ ಮಾಡುವ ಡಂಕನ್, ಈ ಮೇಜು ಸರಿಮಾಡಿದರೆ ಕೆಲಸ ಖಾಯಂ ಎಂದ.

ಆ ಮೇಜೋ, ಏನು ವೈಭೋಗ! ಬಣ್ಣಬಣ್ಣದ ಮರವನ್ನು ಹಾಳೆಯಂತೆ ಸೀಳಿ, ಕತ್ತರಿಸಿ, ಮೈತುಂಬ ಹೂಬಳ್ಳಿ, ದ್ರಾಕ್ಷಿ, ಚಿಟ್ಟೆ ಅಂಟಿಸಿದ್ದರು. ಒಂದು ಹಕ್ಕಿ ಮಾತ್ರ ಉದುರಿಹೋಗಿತ್ತು. ಅದನ್ನು ಹೊಸದಾಗಿ ಮಾಡಬೇಕು. ಇವರು ಅನ್ನ ಕಲಸುತ್ತಲೂ ತಟ್ಟೆಯಲ್ಲಿ ರೆಕ್ಕೆ ಬರೆಯುತ್ತಿದ್ದರು, ಸ್ನಾನದ ಮನೆಯಲ್ಲಿ ಹಾಡುತ್ತಿದ್ದರು. ಆ ಹುಚ್ಚು ನನಗೂ ಹತ್ತಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೆ.

ಮೇಜಿನ ಒಡತಿ ವಿನಿಫ್ರೆಡ್ ಸಿಡ್ನಿಯಿಂದ ಬರುವ ದಿನ ನಾನೂ ರಜೆ ಹಾಕಿ ಡಂಕನ್ನನ ವರ್ಕ್‌ಶಾಪಿಗೆ ಹೋದೆ. ಡಂಕನ್ ಮುಖ ಕೆಂಪಗಾಗಿತ್ತು. ಹಕ್ಕಿಯೇನೋ ಕೊಂಬೆಯ ಮೇಲೆ ಚೆಂದವಾಗಿ ಕೂತಿತ್ತು, ಆದರೆ ಕಣ್ಣೇ ಇರಲಿಲ್ಲ!

"ಕಣ್ಣೆಲ್ರೀ? ಮರ್ತೇ ಬಿಟ್ರಾ?"

"ಮರೆಯೋದುಂಟೇನೇ! ಕಣ್ಣು ಕೂರಿಸೋದು ಓನರ್ ಎದುರಿಗೇ ಅಲ್ವಾ? ನಮ್ಮಪ್ಪ ಮಾಡ್ತಿದ್ದಿದ್ದೂ ಹಾಗೇ."

"ಅದು ಮೈಸೂರಲ್ಲಿ ಕಣ್ರೀ! ಇಲ್ಲಿ ಕೆಲ್ಸ ಫಿನಿಶ್ ಮಾಡಿಲ್ಲ ಅಂತಾರೆ, ಅಷ್ಟೇ!"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮತ್ತೆ ಆ ಹಾಲಿನ ಡಬ್ಬಗಳೇ ಗತಿ ಎಂದುಕೊಂಡೆ.

ಅಷ್ಟರಲ್ಲಿ ವಿನಿಫ್ರೆಡ್ ಕೋಲೂರಿಕೊಂಡು ಬಂದೇಬಿಟ್ಟಳು. ಹಕ್ಕಿಯನ್ನು ನೋಡಿ ಹುಬ್ಬೇರಿಸಿದಳು. ಇವರು ಕಣ್ಣಿನ ಗುಳಿಗೆ ಅಂಟು ಸವರಿ, ಸಾಸಿವೆಯಷ್ಟು ಕರಿಮರದ ಚೂರನ್ನು ಅವಳ ಬೆರಳ ತುದಿಯಲ್ಲಿಟ್ಟರು. ನನ್ನ ಬ್ಯಾಗಿನಿಂದ ಕನ್ನಡಿ ಕಿತ್ತುಕೊಂಡು ಹಕ್ಕಿಯೆದುರು ಹಿಡಿದರು. ಕಣ್ಣು ಬಿಟ್ಟಾಗ ಅದು ಮೊದಲು ತನ್ನನ್ನೇ ನೋಡಿಕೊಳ್ಳಬೇಕು, ಅದಕ್ಕೆ ಕಣ್ಣು ಕೊಡುವ ಭಾಗ್ಯ ನಿಮ್ಮದು ಎಂದು ನಾನು ತೊದಲುತ್ತ ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ಉಸಿರು ಬಿಗಿಹಿಡಿದು ಒತ್ತಿದಳು. ಹಕ್ಕಿ ನೋಡಿತು. ದೇವರಾಣೆಗೂ ನೋಡಿತು!

ವಿನಿಫ್ರೆಡ್ ಕೋಲು ಬಿಸಾಕಿ ಚಪ್ಪಾಳೆ ತಟ್ಟಿದಳು. ಮನೆಯಲ್ಲಿ ಇನ್ನೂ ಒಂದು ಮೇಜಿದೆ, ಅದನ್ನೂ ಇವರೇ ಮುಟ್ಟಬೇಕು ಎಂದು ಡಂಕನ್‌ಗೆ ತಾಕೀತು ಮಾಡಿದಳು. ಡಂಕನ್ ನಗುತ್ತ ವರ್ಕ್‌ಶಾಪಿನ ಬೀಗದ ಕೈಯನ್ನು ಇವರ ಅಂಗೈಗೆ ಹಾಕಿದ.

"ಏನಂತೆ?" ಎಂದರು ಇವರು, ಅವರ ಬಿರುಸಿನ ಇಂಗ್ಲಿಷ್ ತಿಳಿಯದೆ.

"ಕೆಲ್ಸ ನಿಮ್ದೇ ರೀ!"

ಮದುವೆಮನೆಯ ಫೋಟೋದಲ್ಲೂ ನನ್ನಿಂದ ಒಂದು ಮೊಳ ದೂರ ನಿಂತಿದ್ದ ಮನುಷ್ಯ, ಅವರಿಬ್ಬರೆದುರೇ ನನ್ನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿಬಿಟ್ಟರು.