ಸಹರಿಗೆ ಎಬ್ಬಿಸುವ ದನಿ

ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು. ದೆವ್ವ ಎಂದರೆ ಮೊದಲು ನಗುವವನೇ ನಾನು. ಚಿತ್ರದುರ್ಗದ ಕೋಟೆ ಬುಡದ ಗಲ್ಲಿಯಲ್ಲಿ ಹುಟ್ಟಿದವರಿಗೆ ಇಂಥ ಕಥೆಗಳೇನೂ ಹೊಸವಲ್ಲ, ಅನ್ನದ ಜೊತೆ ನೆಂಚಿಕೊಂಡು ಉಂಡವರು ನಾವು. ಆದರೆ ಈ ರಂಜಾನಿನ ಮೊದಲ ರಾತ್ರಿ ನಡೆದದ್ದನ್ನು ಯಾರಾದರೂ ಕಟ್ಟುಕಥೆ ಎಂದರೆ ನನಗೆ ಸಿಟ್ಟು ಬರುತ್ತದೆ. ಕಿವಿಯಾರೆ ಕೇಳಿದವನು ನಾನು.

ನನ್ನ ಹೆಸರು ಮಂಜು. ಮನೆಯಲ್ಲೇ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಅವ್ವ ತೀರಿಕೊಂಡ ಮೇಲೆ ಒಬ್ಬನೇ. ಮಾತಾಡಬೇಕು ಅನ್ನಿಸಿದರೆ ಕೆಟ್ಟ ಕಂಪ್ಯೂಟರುಗಳನ್ನೇ ಬೈದುಕೊಳ್ಳುತ್ತೇನೆ.

ಮೂರು ಮನೆ ಆಚೆ ಇಬ್ರಾಹಿಂ ಚಾಚಾ ಇದ್ದರು. ಹಾಸಿಗೆ ಹೊಲಿಯುವುದು ಅವರ ಕಸುಬು. ರಂಜಾನ್ ಬಂತೆಂದರೆ ನಸುಕಿಗೂ ಮುಂಚೆ ಕೋಲು ಕುಟ್ಟುತ್ತಾ ಗಲ್ಲಿಯಲ್ಲಿ ನಡೆದು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಉಪವಾಸ ಶುರುವಾಗುವ ಮುಂಚಿನ ಸಹರಿ ಊಟಕ್ಕೆ ಎಬ್ಬಿಸುತ್ತಿದ್ದರು. "ಹಗಲೆಲ್ಲ ಹಾಸಿಗೆ ಹೊಲಿಯೋದು, ರಾತ್ರಿ ಮಲಗಾಕೆ ಬಿಡದಿರೋದು" ಎಂದು ಅವ್ವ ಛೇಡಿಸುತ್ತಿದ್ದಳು. ಗಂಟಲಿಗೆ ಒಳ್ಳೆಯದೆಂದು ಬಾಯಲ್ಲಿ ಸದಾ ಒಂದು ಲವಂಗ. ಬೇರೆ ಬಾಗಿಲುಗಳಿಗೆ ಉರ್ದು, ನನ್ನ ಬಾಗಿಲಿಗೆ ಮಾತ್ರ ಕನ್ನಡ. ಮೆಲ್ಲಗೆ, ಹಾದುಹೋಗುತ್ತಲೇ, "ಮಂಜು, ನೀನು ಮಲಕ್ಕಳಪ್ಪ" ಅನ್ನುತ್ತಿದ್ದರು. ಅರೆನಿದ್ದೆಯಲ್ಲಿ ಅದನ್ನು ಕೇಳಿ ಮಗ್ಗುಲು ಬದಲಿಸುವ ಸುಖ ನನಗೆ ಈಗಲೂ ನೆನಪಿದೆ.

ಹೋದ ಮಳೆಗಾಲದಲ್ಲಿ ಚಾಚಾ ತೀರಿಕೊಂಡರು.

ಈ ರಂಜಾನಿನ ಚಂದ್ರ ಕಂಡ ಸಂಜೆ ಅವರ ಹೆಂಡತಿ ಜೈನಬ್ ಚಾಚಿ ನನ್ನ ಮನೆಗೆ ಬಂದರು. ಸೆರಗಿನಲ್ಲಿ ಸುತ್ತಿ ತಂದಿದ್ದ ಹಾರ್ಡ್ ಡಿಸ್ಕನ್ನು ಮೇಜಿನ ಮೇಲೆ ಇಟ್ಟರು.

"ಹಿರಿಯೂರಿನ ಅಳಿಯ ಒಂದ್ ವರ್ಷ ರಂಜಾನ್‌ನಾಗೆ ಅವರ ಹಿಂದೇನೇ ನಡ್ಕಂಡೋಗಿ ದನಿ ತುಂಬ್ಕಂಡಿದ್ದ. ಅದು ಇದ್ರಾಗ ಒಂದ್ರಾಗೇ ಐತೆ. ಈಗ ಇದು ಓಪನ್ನೇ ಆಗವಲ್ದು."

"ಕೆಳಗೇನಾದ್ರೂ ಬಿತ್ತಾ ಚಾಚಿ?"

"ಬಿತ್ತಪ್ಪ." ಡಿಸ್ಕನ್ನು ನನ್ನ ಕಡೆ ಸರಿಸಿದರು. "ಎಲ್ಲಾರೂ ಮೊಬೈಲ್ ಅಲಾರಾಂ ಇಟ್ಕಂತಾರೆ. ನಂಗೆ ಅದು ಬ್ಯಾಡ. ಮೊದಲ್ನೇ ಸಹರಿಗೆ ಅವರ ದನಿ ಕೇಳೇ ಏಳ್ಬೇಕು ಮಂಜು. ಒಂದ್ಸಲ ಸಾಕು."

ನೋಡೋಣ ಅಂದೆ. ಆಗುತ್ತೆ ಅನ್ನಲಿಲ್ಲ.

ಬಿದ್ದ ಡಿಸ್ಕು ಹೃದ್ರೋಗಿ ಇದ್ದ ಹಾಗೆ, ಹೆಚ್ಚು ಕೆಣಕಬಾರದು. ಅದರಲ್ಲಿರುವುದನ್ನೆಲ್ಲ ಮೊದಲು ಇನ್ನೊಂದು ಒಳ್ಳೆಯ ಡಿಸ್ಕಿಗೆ ನಕಲು ಮಾಡಿಕೊಂಡು, ಆಮೇಲೆ ಆ ನಕಲಿನಲ್ಲಿ ಹುಡುಕಬೇಕು. ವೈರು ಜೋಡಿಸಿದೆ. ಒಳಗಿಂದ ಸದ್ದು ಶುರುವಾಯಿತು... ಟಕ್... ಟಕ್... ಟಕ್. ಆ ಸದ್ದು ಬಂದರೆ ಆಯಸ್ಸು ಮುಗಿಯುತ್ತಾ ಬಂದಿದೆ ಅಂತ ಅರ್ಥ. ದೇವರ ಮೇಲೆ ಭಾರ ಹಾಕಿ ಕೂತೆ.

ಗಲ್ಲಿ ಮಲಗಿತು. ಹಗಲೆಲ್ಲ ಕಾದ ಬಂಡೆಗಳ ಬಿಸಿ ಇನ್ನೂ ಕಿಟಕಿಯಿಂದ ಒಳಗೆ ಬರುತ್ತಿತ್ತು. ಜೋಗಿಮಟ್ಟಿ ಕಡೆ ಗಾಳಿಯಂತ್ರಗಳ ಕೆಂಪು ದೀಪಗಳು ಹತ್ತಿ ಆರುತ್ತಿದ್ದವು. ಅಂಥ ಹೊತ್ತಲ್ಲಿ ಖಾಲಿ ಮನೆ ದೊಡ್ಡದಾಗಿಬಿಡುತ್ತದೆ. ಅವ್ವನ ಮಂಚದ ಕಡೆ ಬೆನ್ನು ಮಾಡಿ ಕೂತಿದ್ದೆ.

ನಕಲಾದಷ್ಟರಲ್ಲೇ ಹುಡುಕತೊಡಗಿದೆ. ಕಡತಗಳು ಬಂದವು, ಹೆಸರುಗಳು ಬರಲಿಲ್ಲ. ಹೀಗೆ ತೆಗೆದಾಗ ಹೆಸರುಗಳೆಲ್ಲ ಅಳಿಸಿಹೋಗಿರುತ್ತವೆ, ಒಂದೊಂದನ್ನೂ ತೆರೆದೇ ನೋಡಬೇಕು. ಮದುವೆಯ ಫೋಟೋ, ಯಾರದೋ ಆಧಾರ್ ಕಾರ್ಡು, ಅರ್ಧ ಮಾತ್ರ ಉಳಿದ ಫೋಟೋದಲ್ಲಿ ಒಂದು ಮಗುವಿನ ಮುಖ... ಕೊನೆಗೆ ಒಂದು ಧ್ವನಿ ಕಡತ ಸಿಕ್ಕಿತು.

ಹೆಡ್‌ಫೋನ್ ಹಾಕಿಕೊಂಡೆ. ಅದೇ! ಕೋಲಿನ ಸದ್ದು, ಚಪ್ಪಲಿ ಎಳೆಯುವ ಸದ್ದು, ದೂರದಲ್ಲಿ ನಾಯಿ. ಗೆದ್ದೆ ಅಂದುಕೊಂಡೆ.

ಆದರೆ ಚಾಚಾ ಮಾತಾಡಲಿಲ್ಲ.

ಕೋಲು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿಂದ ಯಾರೋ "ಎದ್ದೆ ಚಾಚಾ" ಅನ್ನುತ್ತಿದ್ದರು. ಮತ್ತೆ ಕೋಲು, ಮತ್ತೆ ನಿಂತಿತು, ಮತ್ತೆ ಖಾಲಿ, ಮತ್ತೆ ಇನ್ನೊಂದು ಮನೆಯ ಉತ್ತರ. ಎಲ್ಲರೂ ಅವರಿಗೆ ಓಗೊಡುತ್ತಿದ್ದಾರೆ, ಕರೆದ ದನಿ ಮಾತ್ರ ಇಲ್ಲ. ಕಡತ ಕೆಟ್ಟರೆ ಎಲ್ಲ ಸದ್ದೂ ಒಟ್ಟಿಗೆ ಕೆಡುತ್ತದೆ. ಒಬ್ಬ ಮನುಷ್ಯನ ದನಿಯನ್ನಷ್ಟೇ ಆರಿಸಿ ತೆಗೆದ ಹಾಗೆ ಕೆಟ್ಟದ್ದನ್ನು ನಾನು ಎಲ್ಲೂ ನೋಡಿಲ್ಲ.

ಕೋಲು ಮತ್ತೆ ನಿಂತಿತು. ಈ ಸಲ ಒಂದು ಹೆಂಗಸಿನ ದನಿ.

"ಅವನೆಲ್ಲಿ ಏಳ್ತಾನೆ ಸಾಬ್ರೆ, ಮಲಕ್ಕಳ್ಲಿ ಬಿಡ್ರಿ."

ಅವ್ವ.

ನಾನು ಅತ್ತುಬಿಟ್ಟೆ, ಹೇಳಲು ನಾಚಿಕೆಯಿಲ್ಲ. ಚಾಚಾನನ್ನು ಹುಡುಕಲು ಹೊರಟವನಿಗೆ ಅವ್ವ ಸಿಕ್ಕಿದ್ದಳು. ಆ ಮಾತನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಪ್ರತಿ ಸಲವೂ ಅದೇ ಮಾತು, ಕೊನೆಯಲ್ಲಿ ಅದೇ ಸಣ್ಣ ಕೆಮ್ಮು.

ಹೆಡ್‌ಫೋನ್ ತೆಗೆದಾಗ ಗೊತ್ತಾಯಿತು, ಡಿಸ್ಕು ನಿಂತುಹೋಗಿತ್ತು. ಮುಟ್ಟಿ ನೋಡಿದೆ, ಒಳಗೆ ತಿರುಗುತ್ತಿರಲಿಲ್ಲ.

ಆದರೂ... ಟಕ್... ಟಕ್... ಟಕ್.

ಸದ್ದು ಮನೆಯೊಳಗಿಂದ ಬರುತ್ತಿರಲಿಲ್ಲ. ಗಲ್ಲಿಯ ತುದಿಯಿಂದ ಬರುತ್ತಿತ್ತು.

ಎದ್ದು ಲೈಟು ಆರಿಸಿದೆ. ಯಾಕೆ ಆರಿಸಿದೆನೋ ತಿಳಿಯದು. ಕೋಲಿನ ಸದ್ದು ಹತ್ತಿರವಾಯಿತು, ಚಾಚಿಯ ಮನೆ ಮುಂದೆ ನಿಂತಿತು. ಮೆಲ್ಲನೆ ಏನೋ ಮಾತು. ಮತ್ತೆ ನಡಿಗೆ. ಕಿಟಕಿಯಿಂದ ಲವಂಗದ ವಾಸನೆ ಒಳಗೆ ಬಂತು. ಕೋಲು ನನ್ನ ಬಾಗಿಲಲ್ಲಿ ನಿಂತಿತು.

"ಮಂಜು... ಎದ್ದೇಳಪ್ಪ. ಟೈಮ್ ಆತು."

ಅಷ್ಟು ವರ್ಷ ಮಲಗು ಎಂದವರು, ಒಮ್ಮೆಯೂ ಏಳು ಎಂದವರಲ್ಲ.

ಧೈರ್ಯ ಮಾಡಿ ಬಾಗಿಲು ತೆಗೆದೆ. ಗಲ್ಲಿ ಖಾಲಿ. ಚಾಚಿಯ ಮನೆಯಲ್ಲಿ ಮಾತ್ರ ದೀಪ ಹೊತ್ತಿತ್ತು. ನಾನು ನೋಡುತ್ತಿದ್ದಂತೆಯೇ ಅವರು ಹೊರಗೆ ಬಂದು ನನ್ನ ಬಾಗಿಲಿಗೆ ನಡೆದು ಬಂದರು. ಕೈಯಲ್ಲಿ ಮುಚ್ಚಿದ ತಟ್ಟೆ, ಮುಖದಲ್ಲಿ ಬಹಳ ದಿನದಿಂದ ಕಾಣದಿದ್ದ ನಗು.

"ಚಲೋ ಮಾಡ್ದೆ ಮಂಜು. ಸ್ಪೀಕರಿಗೆ ಹಾಕಿದ್ದು ಒಳ್ಳೇದಾತು. ಥೇಟ್ ಅವರೇ ಬಂದು ನಿಂತಂಗಿತ್ತು. ನನ್ನ ಮೊಬೈಲಿಗೂ ಹಾಕ್ಕೊಡಪ್ಪ."

ಸುಳ್ಳು ಹೇಳಬಹುದಿತ್ತು. ಆದರೆ ಮೊಬೈಲಿಗೆ ಏನನ್ನು ಹಾಕಿಕೊಡಲಿ?

"ಚಾಚಿ, ನಾನು ಏನೂ ಹಾಕಿಲ್ಲ. ಅದರಾಗೆ ಅವರ ದನಿ ಸಿಕ್ಕೇ ಇಲ್ಲ."

ಅವರು ಜಗಲಿಯ ಮೇಲೆ ಕೂತರು. ಹೆದರಿದ ಹಾಗೆ ಕಾಣಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಒಂದೊಂದೇ ಅಲಾರಾಂ ಹೊಡೆದುಕೊಂಡಿತು, ಒಂದೊಂದೇ ದೀಪ ಹತ್ತಿತು. ಯಾರೂ ಬಾಗಿಲಿಗೆ ಬಂದು ಅದೇನು ಸದ್ದು ಎಂದು ಕೇಳಲಿಲ್ಲ.

"ಒಂದ್ಸಲ ಸಾಕು ಅಂದಿದ್ದೆ, ಒಂದ್ಸಲ ಬಂದು ಹೋದ್ರು" ಎಂದರು ಚಾಚಿ. ತಟ್ಟೆ ನನ್ನ ಕೈಗಿಟ್ಟು, ಹೊರಟವರು ತಿರುಗಿದರು. "ನಿನ್ನ ಬಾಗ್ಲಾಗೆ ಏನಂದ್ರು?"

"ಯಾವಾಗ್ಲೂ ಅಂಬೋದೇ. ಮಲಕ್ಕಳಪ್ಪ ಅಂದ್ರು."

"ಹಂಗಾರೆ ಮಲಕ್ಕ ಹೋಗು" ಎಂದು ನಕ್ಕು ಹೋದರು.

ಬಾಗಿಲು ಹಾಕಿ ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ಮನೆಯಲ್ಲಿ ಒಬ್ಬನೇ ಇರಲು ಆಗಲಿಲ್ಲ, ಅವ್ವನ ಮಾತು ಕೇಳಬೇಕೆನಿಸಿತು. ನಕಲಿನಲ್ಲಿದ್ದ ಆ ಕಡತವನ್ನೇ ತೆರೆದೆ. ಕೋಲು, ಚಪ್ಪಲಿ, ನಾಯಿ, ಒಂದೊಂದೇ ಮನೆಯ ಉತ್ತರ. ಕೋಲು ನನ್ನ ಬಾಗಿಲಲ್ಲಿ ನಿಂತಿತು. ಅದೇ ಖಾಲಿ.

ಆಮೇಲೆ ಅವ್ವನ ದನಿ.

"ಎದ್ದವ್ನೆ ಸಾಬ್ರೆ. ಎದ್ದು ಕುಂತವ್ನೆ."

ಮತ್ತೆ ಅದೇ ಸಣ್ಣ ಕೆಮ್ಮು.

ಆ ಕಡತವನ್ನು ನಾನು ಮತ್ತೆ ತೆರೆದಿಲ್ಲ, ಅಳಿಸಲು ಮನಸ್ಸೂ ಬಂದಿಲ್ಲ. ಅವ್ವ ಇರುವುದು ಅದರಲ್ಲಿ ಮಾತ್ರ. ರಂಜಾನ್ ಮುಗಿಯಿತು, ಹಬ್ಬವೂ ಆಯಿತು. ಆದರೆ ದಿನವೂ ಆ ಹೊತ್ತಿಗೆ ಎಚ್ಚರವಾಗುತ್ತದೆ. ಎದ್ದು ಹಾಸಿಗೆಯ ಮೇಲೆ ಕೂರುತ್ತೇನೆ, ಬಾಗಿಲ ಕಡೆ ನೋಡುತ್ತೇನೆ. ಯಾಕೆ ಏಳಬೇಕಿತ್ತು ಎಂದು ಇನ್ನೂ ಯಾರೂ ಬಂದು ಹೇಳಿಲ್ಲ.